ಹರಾಜಿನಲ್ಲಿ ಅಚ್ಚರಿ ಯಾರದ್ದು?

ಇಂಗ್ಲೆಂಡಿನ ಸಣ್ಣ ಪಟ್ಟಣಗಳ ಹರಾಜು ಮನೆಗಳು ಅಂತರ್ಜಾಲದಲ್ಲಿ ಹಾಕುವ ಪಟ್ಟಿಗಳನ್ನು ರಾತ್ರಿ ಊಟವಾದ ಮೇಲೆ ತಿರುವಿ ಹಾಕುವುದು ನನಗೆ ಬಹುಕಾಲದ ಅಭ್ಯಾಸ. ತೀರಿಹೋದವರ ಮನೆಯ ಮೇಜು, ಗೋಡೆ ಗಡಿಯಾರ, ಬೆಳ್ಳಿ ಚಮಚ, ಟೀ ಸೆಟ್ಟುಗಳ ನಡುವೆ ಒಮ್ಮೊಮ್ಮೆ ಹೀಗೊಂದು ಸಾಲು ಕಣ್ಣಿಗೆ ಬೀಳುತ್ತದೆ: ಹಳೆಯ ಚೀನೀ ನಾಣ್ಯಗಳ ಸಂಗ್ರಹ, ಒಂದು ಆಲ್ಬಮ್, ಕೆಲವು ಬಿಡಿ ನಾಣ್ಯಗಳು, ಅಂದಾಜು ಎಂಬತ್ತರಿಂದ ನೂರಿಪ್ಪತ್ತು ಪೌಂಡ್. ಜೊತೆಗೆ ಎರಡೋ ಮೂರೋ ಮಬ್ಬು ಚಿತ್ರಗಳು. ಹರಾಜು ಮುಗಿದ ಮೇಲೆ ಅದೇ ಸಾಲಿನ ಎದುರು ಬಿದ್ದಿರುವ ಬೆಲೆಯನ್ನು ನೋಡಿದರೆ, ಅಂದಾಜಿಗೂ ಅದಕ್ಕೂ ತಾಳಮೇಳವೇ ಇರುವುದಿಲ್ಲ. ಹತ್ತು ಪಟ್ಟು ಏರಿದ್ದು ಸಾಮಾನ್ಯ; ಅದಕ್ಕೂ ಎಷ್ಟೋ ಮೇಲೆ ಹೋದದ್ದೂ ಉಂಟು. ಸ್ಥಳೀಯ ಪತ್ರಿಕೆಗೆ ಅದು ಸುದ್ದಿಯಾಗುತ್ತದೆ. ಹರಾಜು ಮನೆಯವರು ತಮಗೂ ಇದು ಅನಿರೀಕ್ಷಿತವೆಂದು ಹೇಳುತ್ತಾರೆ, ಮನೆಯವರು ಸಂತೋಷಪಡುತ್ತಾರೆ, ಮತ್ತು ಸುದ್ದಿಯ ತಲೆಬರಹದಲ್ಲಿ ಅಚ್ಚರಿ ಎಂಬ ಪದ ತಪ್ಪದೆ ಇರುತ್ತದೆ.

ಈ ಅಚ್ಚರಿ ಯಾರದ್ದು ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡಿರುವ ಪ್ರಶ್ನೆ. ಬೆಲೆ ಕೂಗಿದವನಿಗೆ ಅಚ್ಚರಿಯಾಗಿರಲು ಸಾಧ್ಯವಿಲ್ಲ. ತಾನು ಏನನ್ನು ನೋಡುತ್ತಿದ್ದೇನೆ, ಅದಕ್ಕೆ ಎಷ್ಟರವರೆಗೆ ಹೋಗಬಹುದು ಎಂಬುದನ್ನು ಆತ ಮೊದಲೇ ಲೆಕ್ಕ ಹಾಕಿರುತ್ತಾನೆ. ಅವನಿಗೆ ಎದುರಾಗಿ ಕೂಗಿದ ಇನ್ನೊಬ್ಬನಿಗೂ ಅದು ಗೊತ್ತಿರುತ್ತದೆ, ಇಲ್ಲದಿದ್ದರೆ ಬೆಲೆ ಏರುತ್ತಲೇ ಇರಲಿಲ್ಲ. ಅಚ್ಚರಿಯೇನಿದ್ದರೂ ಪಟ್ಟಿ ಬರೆದವನದು ಮತ್ತು ಮಾರಿದವನದು. ಹಾಗಾಗಿ ಅಂದಾಜಿಗೂ ಕೊನೆಯ ಕೂಗಿಗೂ ನಡುವಿನ ಅಂತರವನ್ನು ವಸ್ತುವಿನ ಮಹಿಮೆ ಎಂದು ನಾನು ಓದುವುದಿಲ್ಲ. ಆ ಕೋಣೆಯಲ್ಲಿದ್ದ ತಿಳಿವಳಿಕೆಗೂ ಕೋಣೆಯ ಹೊರಗೆ, ದೂರದ ಪರದೆಯ ಮುಂದೆ ಕುಳಿತಿದ್ದ ತಿಳಿವಳಿಕೆಗೂ ನಡುವಿದ್ದ ಅಂತರವೇ ಅಲ್ಲಿ ಪೌಂಡುಗಳಲ್ಲಿ ಕಾಣಿಸಿಕೊಂಡಿರುತ್ತದೆ.

ಚೀನಾದ ವಸ್ತುಗಳಲ್ಲಿ ಇದು ನಾಣ್ಯಕ್ಕೆ ಮಾತ್ರ ಆಗುವುದೂ ಅಲ್ಲ. 2022ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ ಒಂದು ನೀಲಿ-ಬಿಳಿ ಹೂದಾನಿಯನ್ನು ಇಪ್ಪತ್ತನೆಯ ಶತಮಾನದ ಅಲಂಕಾರಿಕ ವಸ್ತುವೆಂದು ಬಗೆದು 1,500ರಿಂದ 2,000 ಯೂರೋ ಅಂದಾಜು ಹಾಕಿದ್ದರು. ಅದು 77 ಲಕ್ಷ ಯೂರೋಗೆ ಹೋಯಿತು. ಅದಕ್ಕೂ ಮೊದಲು, 2010ರಲ್ಲಿ, ಲಂಡನ್ನಿನ ಹೊರವಲಯದ ಹರಾಜು ಮನೆಯೊಂದರಲ್ಲಿ ಹದಿನೆಂಟನೆಯ ಶತಮಾನದ ಚೀನೀ ಚಕ್ರವರ್ತಿ ಚಿಯಾನ್‌ಲಾಂಗ್ ಕಾಲದ ಹೂದಾನಿಗೆ 4.3 ಕೋಟಿ ಪೌಂಡ್ ಕೂಗಿದರು, ಆದರೆ ಕೂಗಿದವರು ಹಣ ಕೊಡಲಿಲ್ಲ, ವ್ಯವಹಾರ ಎರಡು ವರ್ಷಕ್ಕೂ ಹೆಚ್ಚು ನೇತಾಡಿ ಕೊನೆಗೆ ಬಹಳ ಕಡಿಮೆ ಬೆಲೆಗೆ ಖಾಸಗಿಯಾಗಿ ಮುಗಿಯಿತು. ಈ ಎರಡು ಪ್ರಸಂಗಗಳು ಜಗಜ್ಜಾಹೀರಾದವು. ಆದರೆ ಹೂದಾನಿ ಒಂದೇ ಒಂದು ವಸ್ತು. ಅದು ಅರಮನೆಯದೋ ಅಲ್ಲವೋ ಎಂಬ ಒಂದೇ ಪ್ರಶ್ನೆಯ ಮೇಲೆ ಅದರ ಬೆಲೆ ನಿಂತಿರುತ್ತದೆ. ನಾಣ್ಯಗಳ ಆಲ್ಬಮ್ಮಿನ ವಿಚಾರ ಹಾಗಲ್ಲ. ಅಲ್ಲಿ ಮುನ್ನೂರು ನಾಣ್ಯಗಳಿದ್ದರೆ ಇನ್ನೂರ ತೊಂಬತ್ತೆಂಟಕ್ಕೆ ಬೆಲೆಯೇ ಇಲ್ಲದಿರಬಹುದು, ಮತ್ತು ಉಳಿದ ಎರಡು ನಾಣ್ಯಗಳು ಯಾವುವೆಂದು ಪಟ್ಟಿಯಲ್ಲಿ ಬರೆದಿರುವುದಿಲ್ಲ.

ಬೆಲೆಯೇ ಇಲ್ಲ ಎಂದೆ. ಹಳೆಯದೆಲ್ಲ ದುಬಾರಿ ಎಂದು ನಂಬಿದವರಿಗೆ ಇದನ್ನು ಒಪ್ಪಿಸುವುದು ಕಷ್ಟ. ಚೀನಾದ ನಡುವೆ ಚೌಕದ ತೂತಿರುವ ಗುಂಡು ನಾಣ್ಯ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ರೂಪ ಬದಲಿಸದೆ ಬಾಳಿದ ವಸ್ತು. ಕ್ರಿಸ್ತಪೂರ್ವ 221ರಲ್ಲಿ ದೇಶವನ್ನು ಒಗ್ಗೂಡಿಸಿದ ಚಿನ್ ಚಕ್ರವರ್ತಿಯಿಂದ ಹಿಡಿದು 1911ರ ಕ್ರಾಂತಿಯವರೆಗೆ ಅದೇ ಆಕಾರ. ಅದನ್ನು ನಮ್ಮ ನಾಣ್ಯಗಳ ಹಾಗೆ ಅಚ್ಚಿನಿಂದ ಬಡಿಯುತ್ತಿರಲಿಲ್ಲ, ಎರಕ ಹೊಯ್ಯುತ್ತಿದ್ದರು. ಹಾಗಾಗಿ ಒಂದೇ ಸಲಕ್ಕೆ ಹತ್ತಾರು ನಾಣ್ಯಗಳು ಹುಟ್ಟುತ್ತಿದ್ದವು. ಸಾವಿರ ನಾಣ್ಯಗಳನ್ನು ದಾರಕ್ಕೆ ಪೋಣಿಸಿದರೆ ಲೆಕ್ಕಕ್ಕೆ ಒಂದು ಸರ. ಉತ್ತರ ಸೊಂಗ್ ಕಾಲದಲ್ಲಿ, 1080ರ ಸುಮಾರಿಗೆ, ಟಂಕಸಾಲೆಗಳು ವರ್ಷಕ್ಕೆ ಐವತ್ತು ಲಕ್ಷ ಸರ ಹೊಯ್ದವು. ಅಂದರೆ ಒಂದೇ ವರ್ಷಕ್ಕೆ ಸುಮಾರು 500 ಕೋಟಿ ನಾಣ್ಯ. ಆ ಹಣ ಚೀನಾದ ಗಡಿಯೊಳಗೆ ನಿಲ್ಲಲಿಲ್ಲ. ಜಪಾನ್, ಕೊರಿಯಾ, ಜಾವಾ, ಇಂದಿನ ವಿಯೆಟ್ನಾಮಿನ ಅನ್ನಾಮ್‌ಗಳಿಗೆ ಹರಿಯಿತು. 1323ರಲ್ಲಿ ಕೊರಿಯಾದ ಶಿನಾನ್ ಬಳಿ ಮುಳುಗಿದ ಒಂದೇ ಹಡಗಿನಿಂದ 28 ಟನ್ ನಾಣ್ಯ ಮೇಲೆತ್ತಿದರು. ಚೀನಾದ ನಾನ್‌ಚಾಂಗ್ ಬಳಿ ಕಳೆದ ದಶಕದಲ್ಲಿ ಅಗೆದ ಹಾಯ್‌ಹುನ್ ಪಾಳೆಯಗಾರನ ಗೋರಿಯಲ್ಲಿ, ಬರೀ ಇಪ್ಪತ್ತೇಳು ದಿನ ಚಕ್ರವರ್ತಿಯಾಗಿದ್ದು ಪದಚ್ಯುತನಾದ ಲಿಯು ಹ ಎಂಬಾತನ ಶವದ ಜೊತೆಗೆ, ಇಪ್ಪತ್ತು ಲಕ್ಷದಷ್ಟು ವು-ಜು ನಾಣ್ಯಗಳು ಸಿಕ್ಕವು. ತೂಕ ಹತ್ತು ಟನ್ನಿಗೂ ಹೆಚ್ಚು. ಎರಡು ಸಾವಿರ ವರ್ಷ ಹಳೆಯ ವಸ್ತು ಟನ್ನುಗಟ್ಟಲೆ ಇದ್ದರೆ ವಯಸ್ಸಿಗೆ ಯಾರು ಹಣ ಕೊಡುತ್ತಾರೆ?

ಹಾಗಾದರೆ ಯಾವುದಕ್ಕೆ ಕೊಡುತ್ತಾರೆ? ನನ್ನ ಮಟ್ಟಿಗೆ ಇದಕ್ಕೆ ಒಂದು ಅಪ್ಪ-ಮಗನ ಉದಾಹರಣೆ ಸಾಕು. ಸೊಂಗ್ ವಂಶದ ಹುಯ್‌ಜೊಂಗ್ ಚಕ್ರವರ್ತಿ ಆಡಳಿತದಲ್ಲಿ ಸೋತವನು, ಆದರೆ ಚಿತ್ರಕಾರನಾಗಿ, ಲಿಪಿಕಾರನಾಗಿ ಅಸಾಧಾರಣ ಪ್ರತಿಭಾವಂತ. ತೆಳ್ಳನೆಯ, ತುದಿ ಚೂಪಾದ, ತಂತಿಯಂತೆ ಬಿಗಿದ ಅವನದೇ ಅಕ್ಷರಶೈಲಿಯಲ್ಲಿ ಬರೆದ ಬರಹ 1107ರಿಂದ 1110ರವರೆಗಿನ ದಾ-ಗುವಾನ್ ನಾಣ್ಯಗಳ ಮೇಲಿದೆ. ಒಬ್ಬ ಚಕ್ರವರ್ತಿಯ ಕೈಬರಹ, ಒಂಬೈನೂರು ವರ್ಷ ಹಳೆಯದು, ಅಂಗೈಯಲ್ಲಿಟ್ಟುಕೊಂಡು ನೋಡಬಹುದು. ಅದರ ಸಾಮಾನ್ಯ ಸಣ್ಣ ನಾಣ್ಯಕ್ಕೆ ಇಂದಿಗೂ ಕೆಲವೇ ನೂರು ರೂಪಾಯಿ ಸಾಕು. ಈಗ ಅವನ ಮಗ ಚಿನ್‌ಜೊಂಗ್‌ನನ್ನು ನೋಡಿ. ಉತ್ತರದಿಂದ ದಾಳಿಯಿಟ್ಟ ಜುರ್ಚೆನ್ ಜನರ ಸೈನ್ಯ ರಾಜಧಾನಿಯ ಬಾಗಿಲಿಗೆ ಬಂದಾಗ ಅಪ್ಪ ಪಟ್ಟವನ್ನು ಅವನ ತಲೆಗೆ ಕಟ್ಟಿ ಜಾರಿಕೊಂಡ. ಮಗ ಆಳಿದ್ದು ಹೆಚ್ಚುಕಡಿಮೆ ಒಂದು ವರ್ಷ. 1127ರಲ್ಲಿ ಇಬ್ಬರೂ ಸೆರೆಯಾಗಿ ಉತ್ತರದ ಚಳಿಗೆ ಹೋದರು, ಇಬ್ಬರೂ ಮರಳಲಿಲ್ಲ. ಆ ಒಂದು ವರ್ಷದ ಜಿಂಗ್‌ಕಾಂಗ್ ಹೆಸರಿನ ನಾಣ್ಯಗಳು ಕುಶಲತೆಯಲ್ಲಿ ಅಪ್ಪನ ನಾಣ್ಯಗಳ ಹತ್ತಿರಕ್ಕೂ ಬರುವುದಿಲ್ಲ, ಆದರೆ ಉತ್ತರ ಸೊಂಗ್ ನಾಣ್ಯಗಳಲ್ಲಿ ಸಂಗ್ರಾಹಕರು ಅತಿ ಹೆಚ್ಚು ಹುಡುಕುವುದು ಅವನ್ನೇ. ಚೆಲುವು ಅಗ್ಗ, ಅಪೂರ್ಣತೆ ದುಬಾರಿ. ನೆಮ್ಮದಿಯಾಗಿ ಅರವತ್ತು ವರ್ಷ ಆಳಿದವನ ನಾಣ್ಯ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಹೆಸರು ಹಾಕಿಸಿಕೊಳ್ಳುವಷ್ಟರಲ್ಲಿ ಬಿದ್ದುಹೋದವನ ನಾಣ್ಯಕ್ಕೆ ಜನ ಬಡಿದಾಡುತ್ತಾರೆ.

1861ರ ಚಿಶಿಯಾಂಗ್ ನಾಣ್ಯದ ಕಥೆಯೂ ಇದೇ ಜಾತಿಯದು. ಎರಡನೆಯ ಅಫೀಮು ಯುದ್ಧದಲ್ಲಿ ಬೀಜಿಂಗ್ ಬಿಟ್ಟು ರೆಹೆಗೆ ಓಡಿಹೋಗಿದ್ದ ಶಿಯಾನ್‌ಫೆಂಗ್ ಚಕ್ರವರ್ತಿ ಆಗಸ್ಟಿನಲ್ಲಿ ಅಲ್ಲಿಯೇ ಸತ್ತ. ಐದು ವರ್ಷದ ಮಗುವನ್ನು ಪಟ್ಟಕ್ಕೆ ಕೂರಿಸಿ ಎಂಟು ಮಂದಿ ರಾಜಪ್ರತಿನಿಧಿಗಳು ಅಧಿಕಾರ ಹಿಡಿದರು, ಹೊಸ ಆಳ್ವಿಕೆಗೆ ಚಿಶಿಯಾಂಗ್ ಎಂದು ಹೆಸರಿಟ್ಟರು, ಟಂಕಸಾಲೆಗೆ ಆಜ್ಞೆ ಹೋಯಿತು. ನವೆಂಬರಿನಲ್ಲಿ ಮಗುವಿನ ತಾಯಿ ತ್ಸುಶಿ ದಂಗೆ ನಡೆಸಿ ಆ ಎಂಟು ಮಂದಿಯನ್ನು ಕೆಡವಿದಳು. ಮುಖ್ಯನಾದ ಸುಶುನ್‌ನ ತಲೆ ಉರುಳಿತು. ಆಳ್ವಿಕೆಯ ಹೆಸರು ತೊಂಗ್‌ಜಿ ಎಂದು ಬದಲಾಯಿತು. ಅಷ್ಟರಲ್ಲಿ ಹೊಯ್ದು ಮುಗಿದಿದ್ದ ಕೆಲವೇ ಚಿಶಿಯಾಂಗ್ ನಾಣ್ಯಗಳು ಚಲಾವಣೆಗೇ ಬರಲಿಲ್ಲ. ಆಲ್ಬಮ್ಮಿನ ಕೊನೆಯ ಪುಟಗಳಲ್ಲಿ, ಹೆಚ್ಚುಕಡಿಮೆ ಒಂದೇ ಥರ ಕಾಣುವ ಹಿತ್ತಾಳೆಯ ಸಾಲಿನಲ್ಲಿ, ಮೇಲಿನ ಮತ್ತು ಕೆಳಗಿನ ಎರಡು ಅಕ್ಷರಗಳು ಮಾತ್ರ ಬೇರೆಯಾಗಿರುವ ಇಂಥ ಒಂದು ನಾಣ್ಯವನ್ನು ಚೀನೀ ಓದಲು ಬಾರದ ಪಟ್ಟಿಕಾರ ಹೇಗೆ ಗುರುತಿಸಿಯಾನು? ಅವನನ್ನು ದೂರುವಂತೆಯೂ ಇಲ್ಲ. ಅವನ ಮೇಜಿನ ಮೇಲೆ ಆ ವಾರ ನೂರಾರು ವಸ್ತುಗಳಿರುತ್ತವೆ.

ದಾ-ಚಿ ನಾಣ್ಯದ ವಿಷಯವನ್ನಂತೂ ಹೇಳದೆ ಮುಂದೆ ಹೋಗಲಾರೆ. ಹತ್ತನೆಯ ಶತಮಾನದಲ್ಲಿ ದಕ್ಷಿಣ ತಾಂಗ್ ರಾಜ್ಯ ಕಟ್ಟಿದ ದೊರೆ 937ರಲ್ಲಿ ತನ್ನ ರಾಜ್ಯವನ್ನು ಮೊದಲು ಚಿ ಎಂದು ಕರೆದ, ಬಹುಬೇಗ ಆ ಹೆಸರನ್ನು ಬಿಟ್ಟು ತಾಂಗ್ ಎಂದು ಬದಲಿಸಿಕೊಂಡ. ಆ ನಡುವಿನ ಅಲ್ಪಕಾಲದ ನಾಣ್ಯ ಎರಡೇ ಎರಡು ಬೆಳಕಿಗೆ ಬಂದದ್ದು. ಒಂದರ ಅಂಚು ಮುರಿದಿತ್ತು. ಅದು ಹತ್ತೊಂಬತ್ತನೆಯ ಶತಮಾನದ ಚಿತ್ರಕಾರ ದಾಯ್ ಶಿಯ ಬಳಿ ಇತ್ತು, ತೈಪಿಂಗ್ ದಂಗೆಕೋರರು 1860ರಲ್ಲಿ ಹಾಂಗ್‌ಜೌ ನಗರಕ್ಕೆ ನುಗ್ಗಿದಾಗ ಆತ ಪ್ರಾಣ ಬಿಟ್ಟ, ನಾಣ್ಯವೂ ಕಾಣೆಯಾಯಿತು. ಇನ್ನೊಂದನ್ನು 1920ರ ದಶಕದಲ್ಲಿ ದಾಯ್ ಬಾವೊಟಿಂಗ್ ಎಂಬ ನಾಣ್ಯ ವ್ಯಾಪಾರಿ ಜಿಯಾಂಗ್ಶಿ ಪ್ರಾಂತದ ಊರೊಂದರಲ್ಲಿ ಕಂಡ. ಅದು ಮಕ್ಕಳು ಕಾಲಿನಿಂದ ಒದ್ದು ಆಡುವ ಗರಿಚೆಂಡಿನ ತಳಕ್ಕೆ ಭಾರವಾಗಿ ಕಟ್ಟಿದ್ದ ನಾಣ್ಯ. ಗರಿ ಕಟ್ಟುವ ದಾರ ಹಾಯಿಸಲು ಅದರ ಮೈಗೆ ನಾಲ್ಕು ತೂತು ಕೊರೆದಿದ್ದರು. ಅದು ಶಾಂಘೈಯ ಶ್ರೀಮಂತ ಸಂಗ್ರಾಹಕ ಜಾಂಗ್ ಶುಶುನ್‌ನ ಕೈಸೇರಿತು. ಆತ ಹಿಗ್ಗಿ ತನ್ನ ಓದುಕೋಣೆಗೆ ಆ ನಾಣ್ಯದ ಹೆಸರನ್ನೇ ಇಟ್ಟುಕೊಂಡ. ನಾಣ್ಯದ ಅಸಲಿತನ, ಸ್ಥಿತಿ ನೋಡಿ ದರ್ಜೆ ಕೊಡುವ ಇಂದಿನ ಗ್ರೇಡಿಂಗ್ ಕಂಪನಿಯ ಮೇಜಿಗೆ ನಾಲ್ಕು ತೂತಿನ ಸಾಮಾನ್ಯ ನಾಣ್ಯವೊಂದು ಹೋದರೆ ಹಾನಿಗೊಂಡದ್ದು ಎಂದು ಚೀಟಿ ಅಂಟಿಸಿ ಕಳಿಸುತ್ತಾರೆ. ಇಲ್ಲಿ ಆ ತೂತುಗಳೇ ನಾಣ್ಯದ ಗುರುತುಪತ್ರ.

ಇಷ್ಟೆಲ್ಲ ಆದರೂ ಆಲ್ಬಮ್ಮುಗಳ ಮೇಲೆ ಬೀಳುವ ದೊಡ್ಡ ಬೆಲೆಗಳಲ್ಲಿ ಹಲವು ಇಂಥ ಹೆಸರಾಂತ ಅಪರೂಪಗಳಿಂದ ಬರುವುದಿಲ್ಲ. ತೀರಾ ಮಾಮೂಲಿ ಹೆಸರಿನ, ಆದರೆ ತಾಯಿನಾಣ್ಯವಾಗಿರುವ ಒಂದು ತುಂಡಿನಿಂದ ಬರುತ್ತವೆ. ಇದು ಅರ್ಥವಾಗಬೇಕಾದರೆ ಚೀನಾದ ಕೊನೆಯ ರಾಜವಂಶವಾದ ಚಿಂಗ್ ಕಾಲದ ಟಂಕಸಾಲೆಯೊಳಗೆ ಸ್ವಲ್ಪ ಇಣುಕಬೇಕು. ಹೊಸ ಆಳ್ವಿಕೆ ಬಂದಾಗ ನುರಿತ ಕೆತ್ತನೆಗಾರ ಮೊದಲು ಒಂದು ಮೂಲ ನಾಣ್ಯವನ್ನು ಕೈಯಿಂದಲೇ ಕೆತ್ತುತ್ತಿದ್ದ. ಒಪ್ಪಿಗೆಯಾದ ಮೇಲೆ ಅದನ್ನು ಮರಳಿನಲ್ಲಿ ಒತ್ತಿ ಎರಕ ಹೊಯ್ದು ತಾಯಿನಾಣ್ಯಗಳನ್ನು ಮಾಡುತ್ತಿದ್ದರು. ಆ ತಾಯಿನಾಣ್ಯಗಳನ್ನು ನಯವಾದ ಮರಳಿನ ಚೌಕಟ್ಟಿನಲ್ಲಿ ಸಾಲಾಗಿ ಅದುಮಿ, ಇನ್ನೊಂದು ಚೌಕಟ್ಟನ್ನು ಮೇಲೆ ಮುಚ್ಚಿ ತಿರುವಿ, ನಾಣ್ಯಗಳನ್ನು ಹೊರತೆಗೆದು, ನಡುವೆ ಕಾಲುವೆ ತೋಡಿ ಕರಗಿದ ಹಿತ್ತಾಳೆಯನ್ನು ಸುರಿಯುತ್ತಿದ್ದರು. ಆರಿದ ಮೇಲೆ ಅಚ್ಚು ಒಡೆದರೆ ಕೈಗೆ ಬರುವುದು ಕೊಂಬೆ ಕೊಂಬೆಗೂ ನಾಣ್ಯ ಹಿಡಿದ ಲೋಹದ ಮರ. ಒಂದೊಂದನ್ನೂ ಮುರಿದು, ಚೌಕದ ಕೋಲಿಗೆ ಪೋಣಿಸಿ, ಅಂಚನ್ನು ಅರದಿಂದ ಉಜ್ಜುತ್ತಿದ್ದರು. ತೂತು ಚೌಕವಾಗಿದ್ದುದರಿಂದ ಉಜ್ಜುವಾಗ ನಾಣ್ಯಗಳು ಗಿರಗಿರನೆ ತಿರುಗುತ್ತಿರಲಿಲ್ಲ.

ಲೋಹ ಆರುವಾಗ ಕುಗ್ಗುತ್ತದೆ. ಆದ್ದರಿಂದ ಪ್ರತಿ ತಲೆಮಾರಿನ ನಾಣ್ಯವೂ ತನ್ನ ತಾಯಿಗಿಂತ ಕೂದಲೆಳೆಯಷ್ಟು ಚಿಕ್ಕದು, ಮತ್ತು ಮರಳಿನ ಕಣಗಳಿಂದಾಗಿ ಅಷ್ಟೇ ಮಂಕು. ತಾಯಿನಾಣ್ಯ ಚಲಾವಣೆಗೆ ಹೋಗುವಂಥದಲ್ಲ, ಟಂಕಸಾಲೆಯ ಸಲಕರಣೆ. ಅದರ ವ್ಯಾಸ ತುಸು ಹೆಚ್ಚು, ಅಕ್ಷರದ ಗೆರೆಗಳ ನಡುವಿನ ತಗ್ಗು ಆಳ, ಗೆರೆಯ ತುದಿ ಚೂಪು, ಒಳತೂತಿನ ಮೂಲೆಗಳು ಅಚ್ಚುಕಟ್ಟು, ಲೋಹ ಮಾಮೂಲಿಗಿಂತ ಹಳದಿ ಮತ್ತು ನಯ. ಕೆತ್ತಿದ ಮೂಲ ನಾಣ್ಯವಾದರಂತೂ ಮರಳಿನ ಒರಟೇ ಇರುವುದಿಲ್ಲ, ಉಳಿಯ ಗುರುತು ಕಾಣಬಹುದು. ವ್ಯಾಸದ ವ್ಯತ್ಯಾಸ ಒಂದು ಮಿಲಿಮೀಟರಿನ ಆಸುಪಾಸು. ಬೆಲೆಯ ವ್ಯತ್ಯಾಸ ಸಾವಿರಾರು ಪಟ್ಟು ಆಗಬಹುದು. ಪುಟದ ಮೇಲೆ ಇಪ್ಪತ್ತು ನಾಣ್ಯಗಳು ಕುಳಿತಿರುವ ಒಂದು ಚಿತ್ರದಲ್ಲಿ, ಎರಡನೆಯ ಸಾಲಿನ ನಾಲ್ಕನೆಯದರ ಅಂಚು ಪಕ್ಕದವಕ್ಕಿಂತ ಸ್ವಲ್ಪ ಅಗಲವಾಗಿದೆ ಎಂಬುದನ್ನು ಕಂಡವನು ಸುಮ್ಮನೆ ಕೂರುತ್ತಾನೆ, ಯಾರಿಗೂ ಹೇಳುವುದಿಲ್ಲ, ಹರಾಜು ಮನೆಗೆ ಇನ್ನೊಂದು ಚಿತ್ರ ಕಳಿಸಿ ಎಂದು ಬರೆಯುವುದಕ್ಕೂ ಹಿಂಜರಿಯುತ್ತಾನೆ, ಏಕೆಂದರೆ ಕೇಳಿದರೆ ಅವರಿಗೆ ಅನುಮಾನ ಬರುತ್ತದೆ. ಹೀಗೆ ಸುಮ್ಮನೆ ಕುಳಿತವರು ಶಾಂಘೈಯಲ್ಲೊಬ್ಬ, ಸಿಂಗಪುರದಲ್ಲೊಬ್ಬ ಇದ್ದರೆ ಸಾಕು. ಹರಾಜಿನ ಮಟ್ಟಿಗೆ ಒಬ್ಬ ಬಲ್ಲವನಿಂದ ಏನೂ ಆಗುವುದಿಲ್ಲ. ಅವನೊಬ್ಬನೇ ಆದರೆ ಆಲ್ಬಮ್ಮು ನೂರೈವತ್ತು ಪೌಂಡಿಗೆ ಹೋಗುತ್ತದೆ, ಸುದ್ದಿಯೂ ಆಗುವುದಿಲ್ಲ. ಇಂಥ ಸದ್ದಿಲ್ಲದ ಮಾರಾಟಗಳು ಎಷ್ಟೋ ಆಗಿಹೋಗಿರಬೇಕು. ನಮ್ಮ ಕಿವಿಗೆ ಬೀಳುವುದು ಇಬ್ಬರು ಬಲ್ಲವರು ಒಂದೇ ಮಧ್ಯಾಹ್ನ ಎದುರುಬದುರಾದ ಪ್ರಸಂಗಗಳು ಮಾತ್ರ.

ಇನ್ನು ಹಳೆಯ ಸಂಗ್ರಹ ಎಂಬ ಎರಡು ಪದಗಳಿಗೆ ಯಾಕಿಷ್ಟು ಬೆಲೆ? ಅದಕ್ಕೆ ಕಾರಣ ನಕಲಿ. ಚೀನೀ ನಾಣ್ಯದ ನಕಲು ಮಾಡುವ ಕಸುಬು ಹೊಸದಲ್ಲ, ಆದರೆ ಕಳೆದ ಮೂವತ್ತು-ನಲವತ್ತು ವರ್ಷಗಳಲ್ಲಿ ಅದು ಪಡೆದ ನೈಪುಣ್ಯ ಮತ್ತು ಪ್ರಮಾಣ ಹಿಂದೆಂದೂ ಇರಲಿಲ್ಲ. ಕಿಲುಬನ್ನೂ ಬೆಳೆಸುತ್ತಾರೆ, ಮಣ್ಣನ್ನೂ ಅಂಟಿಸುತ್ತಾರೆ. ಇಂಥ ಕಾಲದಲ್ಲಿ 1920ರಲ್ಲೋ 1930ರಲ್ಲೋ ಚೀನಾದಿಂದ ಮನೆಗೆ ಮರಳಿದವನೊಬ್ಬ ಕಟ್ಟಿಟ್ಟ ಪೆಟ್ಟಿಗೆ, ಅಟ್ಟದ ಮೇಲಿನಿಂದ ಈಗಷ್ಟೇ ಕೆಳಗಿಳಿದದ್ದು, ಮಸುಕಾದ ಶಾಯಿಯಲ್ಲಿ ಬರೆದ ಸಣ್ಣ ಲಕೋಟೆಗಳ ಸಮೇತ ಬಂದರೆ, ಅದರ ಒಳಗೆ ಇತ್ತೀಚಿನ ನಕಲಿ ಇರಲು ದಾರಿಯೇ ಇಲ್ಲ. ಹಳೆಯ ಕಾಲದ ನಕಲಿಗಳು ಇರಬಹುದು, ಇರುತ್ತವೆ ಕೂಡ, ಆದರೆ ಅವನ್ನು ಬಲ್ಲವರು ಸುಲಭವಾಗಿ ಹಿಡಿಯುತ್ತಾರೆ.

ಅಂಥ ಪೆಟ್ಟಿಗೆಗಳು ಯುರೋಪು ಅಮೆರಿಕಗಳಲ್ಲಿ ಇಷ್ಟೊಂದು ಇರುವುದಕ್ಕೂ ಚರಿತ್ರೆಯ ಕಾರಣವಿದೆ. ಚೀನಾದ ಸಾಗರ ಸುಂಕದ ಇಲಾಖೆಯನ್ನು 1863ರಿಂದ 1911ರವರೆಗೆ ರಾಬರ್ಟ್ ಹಾರ್ಟ್ ಎಂಬ ಐರ್ಲೆಂಡಿನವನು ನಡೆಸಿದ. ಅದರ ಮೇಲಿನ ಹುದ್ದೆಗಳಲ್ಲೆಲ್ಲ ವಿದೇಶೀಯರೇ. ಬಂದರು ಊರುಗಳಲ್ಲಿ ವರ್ಷಗಟ್ಟಲೆ ಇರಬೇಕಾಗಿದ್ದ ಅವರಿಗೆ, ಪಾದ್ರಿಗಳಿಗೆ, ಬ್ಯಾಂಕಿನವರಿಗೆ ನಾಣ್ಯ ಕೂಡಿಸುವುದು ಖರ್ಚಿಲ್ಲದ ಹವ್ಯಾಸ. ಆ ಇಲಾಖೆಯಲ್ಲಿದ್ದ ನಾರ್ವೆಯ ಫ್ರೆಡ್ರಿಕ್ ಶೋಟ್ ತನ್ನ ಸಂಗ್ರಹವನ್ನು ಓಸ್ಲೋ ವಿಶ್ವವಿದ್ಯಾಲಯಕ್ಕೆ ಕೊಟ್ಟ. 1929ರಲ್ಲಿ ಅಚ್ಚಾದ ಅದರ ಪಟ್ಟಿಯ ಸಂಖ್ಯೆಗಳನ್ನು ಪಶ್ಚಿಮದ ವ್ಯಾಪಾರಿಗಳು ಇವತ್ತಿಗೂ ಬಳಸುತ್ತಾರೆ. ಶಾಂಘೈಯಲ್ಲಿ ಬೆಳ್ಳಿ-ಬಂಗಾರದ ದಲ್ಲಾಳಿಯಾಗಿದ್ದ ಎಡುವರ್ಡ್ ಕಾನ್‌ನ ಸಂಗ್ರಹ ಅವನ ಮರಣಾನಂತರ 1971ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾಯಿತು. ಅವನು ಕೊಟ್ಟ ಕ್ರಮಸಂಖ್ಯೆಗಳಿಲ್ಲದೆ ಚೀನೀ ಬೆಳ್ಳಿ ಡಾಲರುಗಳ ಮಾತೇ ಆಡುವಂತಿಲ್ಲ. ಇವರೆಲ್ಲ ಪ್ರಸಿದ್ಧರು. ಇವರ ಹಿಂದೆ ಹೆಸರಿಲ್ಲದ ನೂರಾರು ಗುಮಾಸ್ತರು, ವೈದ್ಯರು, ಹಡಗಿನ ಇಂಜಿನಿಯರುಗಳು ಇದ್ದರು.

ಅತ್ತ ಚೀನಾದೊಳಗೆ ಅದೇ ವಸ್ತುಗಳು ಬೇರೆ ಗತಿ ಕಂಡವು. ತಾಮ್ರಕ್ಕಾಗಿ ಹಳೆಯ ನಾಣ್ಯಗಳನ್ನು ಮೂಟೆಗಟ್ಟಲೆ ಕುಲುಮೆಗೆ ಹಾಕಿದ ವರ್ಷಗಳಿದ್ದವು. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಹಳೆಯದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪಾಯವಾಗಿತ್ತು. ಕೊಡುಗೆಯಾಗಿ ಉಳಿದವೂ ಉಂಟು: ಸಿಚುವಾನಿನ ಲುವೊ ಬೊಜಾವೊ ತನ್ನ ಹದಿನೈದು ಸಾವಿರಕ್ಕೂ ಹೆಚ್ಚಿನ ನಾಣ್ಯಗಳನ್ನು 1957ರಲ್ಲಿ ಬೀಜಿಂಗಿನ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದ. ಮುಂದೆ ಕಾಲ ತಿರುಗಿತು. ದೊಡ್ಡ ಹರಾಜು ಸಂಸ್ಥೆಗಳು 1990ರ ದಶಕದಲ್ಲಿ ಹುಟ್ಟಿಕೊಂಡವು, 2002ರ ಕಾನೂನು ತಿದ್ದುಪಡಿ ಖಾಸಗಿಯವರು ಪುರಾತನ ವಸ್ತುಗಳನ್ನು ಕಾನೂನುಬದ್ಧವಾಗಿ ಕೊಂಡು ಇಟ್ಟುಕೊಳ್ಳುವುದನ್ನು ಸ್ಪಷ್ಟವಾಗಿ ಒಪ್ಪಿತು, ಕೈಯಲ್ಲಿ ಹಣವಿರುವ ಒಂದು ತಲೆಮಾರು ತಯಾರಾಯಿತು. ಅಜ್ಜಂದಿರು ಹೆದರಿ ಎಸೆದದ್ದನ್ನು ಮೊಮ್ಮಕ್ಕಳು ಪರದೇಶದ ಹರಾಜಿನಲ್ಲಿ ಹತ್ತಾರು ಪಟ್ಟು ಕೊಟ್ಟು ಮರಳಿ ತರುತ್ತಿದ್ದಾರೆ. ಇದರಲ್ಲಿ ದೇಶಾಭಿಮಾನ ಎಷ್ಟು, ಹೂಡಿಕೆಯ ಲೆಕ್ಕ ಎಷ್ಟು ಎಂದು ಬೇರ್ಪಡಿಸುವ ಗೋಜಿಗೆ ನಾನು ಹೋಗುವುದಿಲ್ಲ. ಎರಡೂ ಒಂದೇ ಕಿಸೆಯಿಂದ ಹಣ ತೆಗೆಯುತ್ತವೆ.

ಬೆಳ್ಳಿ ಡಾಲರುಗಳ ಲೋಕ ಸ್ವಲ್ಪ ಬೇರೆ. ಇವು ಯಂತ್ರದಿಂದ ಬಡಿದ, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಆಚೆಗಿನ ನಾಣ್ಯಗಳು, ಇಲ್ಲಿ ಬೆಲೆಗಳು ಬಹಿರಂಗ, ಪಟ್ಟಿಕಾರನೂ ಎಚ್ಚರ. ಯುನ್ನಾನ್ ಪ್ರಾಂತದಲ್ಲಿ 1910ರಲ್ಲಿ ಬಡಿದ, ವರ್ಷದ ಜೊತೆಗೆ ವಸಂತಕಾಲವೆಂದು ಋತುವಿನ ಹೆಸರನ್ನೂ ಹೊತ್ತ ಡಾಲರೊಂದು 2010ರಲ್ಲಿ ಹಾಂಗ್‌ಕಾಂಗಿನಲ್ಲಿ ಹತ್ತು ಲಕ್ಷ ಅಮೆರಿಕನ್ ಡಾಲರಿನ ಗೆರೆ ದಾಟಿತು. 1928ರ ಗುಯಿಜೌ ಡಾಲರಿನ ಮೇಲೆ ಚಕ್ರವರ್ತಿಯ ಬದಲು ಮೋಟಾರು ಕಾರಿನ ಚಿತ್ರವಿದೆ. ಪ್ರಾಂತದಲ್ಲಿ ಹೊಸ ರಸ್ತೆಯಾದದ್ದಕ್ಕೆ ಗವರ್ನರ್ ಜೌ ಶಿಚೆಂಗ್ ಹೊರಡಿಸಿದ್ದು, ಕಾರಿನ ಕೆಳಗಿನ ಹುಲ್ಲಿನ ಗೆರೆಗಳಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ಅಡಗಿಸಿಟ್ಟಿದ್ದಾನೆ. ಚೀನಾ ಗಣರಾಜ್ಯದ ಸ್ಥಾಪಕ ಸುನ್ ಯಾತ್-ಸೆನ್ ಚಿತ್ರವಿದ್ದು 1932ರಲ್ಲಿ ಬಂದ ಡಾಲರಿನ ಹಿಂಬದಿಯಲ್ಲಿ ಹಾಯಿಹಡಗಿನ ಮೇಲೆ ಮೂರು ಹಕ್ಕಿ, ಬದಿಗೆ ಉದಯಸೂರ್ಯ. ಜಪಾನ್ ಮಂಚೂರಿಯಾವನ್ನು ನುಂಗಿದ ಸಮಯ ಅದು. ಸೂರ್ಯ ಜಪಾನಿನದೆಂದೂ ಹಕ್ಕಿಗಳು ಅದರ ಬಾಂಬು ವಿಮಾನಗಳೆಂದೂ ಜನ ಓದಿಕೊಂಡರು. ಅವನ್ನು ಹಿಂದಕ್ಕೆ ಪಡೆದು, 1933ರಿಂದ ಹಕ್ಕಿಯೂ ಸೂರ್ಯನೂ ಇಲ್ಲದ ಹಡಗನ್ನು ಬಡಿದರು. ಹಕ್ಕಿ ಇಲ್ಲದ್ದು ಬೆಳ್ಳಿಯ ಬೆಲೆಗಿಂತ ಸ್ವಲ್ಪ ಮೇಲೆ ನಿಂತರೆ, ಹಕ್ಕಿ ಇರುವುದಕ್ಕೆ ಅದರ ಹಲವು ಪಟ್ಟು. ಆಗಿನ ಅಧ್ಯಕ್ಷ ಯುವಾನ್ ಶಿಕಾಯ್‌ನ ಚಿತ್ರವಿರುವ 1914ರ ಡಾಲರು ಕೋಟಿಗಟ್ಟಲೆ ಇದೆ, ಆದರೆ ಅದನ್ನು ಕೆತ್ತಿದ ಇಟಲಿಯ ಲುಯಿಜಿ ಜಾರ್ಜಿಯ ಸಹಿ ಅಂಚಿನ ಬಳಿ ಪುಟ್ಟದಾಗಿ ಇದ್ದರೆ ಅದು ಮಾದರಿ ನಾಣ್ಯ, ಅದರ ಲೆಕ್ಕವೇ ಬೇರೆ. ಇಲ್ಲಿಯೂ ಅಷ್ಟೆ: ಮುಂದುವರಿಯದೆ ನಿಂತದ್ದಕ್ಕೆ, ಬೇಡವೆಂದು ಕೈಬಿಟ್ಟದ್ದಕ್ಕೆ ಬೆಲೆ.

ಇಷ್ಟು ದೂರದ ವಸ್ತುವಿಗೂ ನಮಗೂ ಏನು ಸಂಬಂಧ ಎಂದರೆ, ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಹಿಂದೆ, ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲೆ, ಕೆಂಪು ದಾರದಲ್ಲಿ ಕಟ್ಟಿದ ಮೂರು ಚೀನೀ ನಾಣ್ಯಗಳು ಫೆಂಗ್ ಶುಯಿ ಹೆಸರಿನಲ್ಲಿ ತೂಗುತ್ತಿವೆ. ಅವುಗಳ ಮೇಲೆ ಸಾಮಾನ್ಯವಾಗಿ ಇರುವುದು ಕಾಂಗ್ಶಿ, ಚಿಯಾನ್‌ಲಾಂಗ್ ಮೊದಲಾದ ಚಿಂಗ್ ಚಕ್ರವರ್ತಿಗಳ ಹೆಸರು. ಹಿಂಬದಿಯಲ್ಲಿ ಮಂಚು ಲಿಪಿಯಲ್ಲಿ ಟಂಕಸಾಲೆಯ ಹೆಸರನ್ನು ಅನುಕರಿಸಿರುತ್ತಾರೆ. ಅವೆಲ್ಲ ಇತ್ತೀಚಿನ ತಯಾರಿಕೆ. ತಮಾಷೆಯೆಂದರೆ ನಿಜವಾದ ಚಿಯಾನ್‌ಲಾಂಗ್ ನಾಣ್ಯವೂ ಅಷ್ಟೇ ದುಡ್ಡಿಗೆ ಸಿಗುತ್ತದೆ, ಆತ ಅರವತ್ತು ವರ್ಷ ಆಳಿದವನಲ್ಲವೇ. ಪರಿಚಯದವರು ಆಗಾಗ ಇಂಥವುಗಳ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಲಕ್ಷ ಬರಬಹುದೇ ಎಂದು ಕೇಳುತ್ತಾರೆ. ಹಳೆಯ ನಾಣ್ಯ ಕೊಡಿ, ಲಕ್ಷ ಪಡೆಯಿರಿ ಎಂಬ ವಂಚನೆ ನಮ್ಮಲ್ಲಿ ಎಷ್ಟು ಬೆಳೆದಿತ್ತೆಂದರೆ, ತನ್ನ ಹೆಸರು ಬಳಸಿ ಶುಲ್ಕ ವಸೂಲು ಮಾಡುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಹರಾಜಿನ ಸುದ್ದಿಯನ್ನು ಅರ್ಧ ಮಾತ್ರ ಓದಿದರೆ ಆಗುವುದು ಇದೇ.

ಸಂಬಂಧ ಅಷ್ಟಕ್ಕೇ ಮುಗಿಯುವುದೂ ಇಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತದ್ದು ನಮ್ಮಲ್ಲಿ ಹಲವರಿಗೆ ಗೊತ್ತು. ಅಲ್ಲಿ ಒಂದು ಚೀನೀ ನಾಣ್ಯವೂ ಸಿಕ್ಕಿತೆಂದು, ಅದು ಹಾನ್ ವಂಶದ ವೂ ಚಕ್ರವರ್ತಿಯ ಕಾಲದ್ದೆಂದು ದಾಖಲೆಯಾಗಿದೆ. ಕಾಲದ ಬಗ್ಗೆ ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ತಂಜಾವೂರು ಸೀಮೆಯಲ್ಲಿ ಸಿಕ್ಕ ಚೀನೀ ನಾಣ್ಯಗಳ ನಿಧಿಗಳಲ್ಲಂತೂ ಸೊಂಗ್ ಕಾಲದವೇ ಹೆಚ್ಚು. ಬಿಡಿಯಾಗಿ ಮಾರಿದರೆ ಅವುಗಳಲ್ಲಿ ಬಹುಪಾಲು ನಾಣ್ಯಗಳಿಗೆ ಹರಾಜುಕಟ್ಟೆಯಲ್ಲಿ ಯಾರೂ ಮುಗಿಬೀಳುವುದಿಲ್ಲ. ಆದರೆ ಇಂಥ ಮಣ್ಣಿನಲ್ಲಿ, ಇಂಥ ಮಡಕೆಯಲ್ಲಿ, ಇಷ್ಟು ಸಂಖ್ಯೆಯಲ್ಲಿ ಸಿಕ್ಕಿದವು ಎಂಬ ಒಂದೇ ಸಂಗತಿ ಅವನ್ನು ಚೋಳರ ಕಾಲದ ಸಮುದ್ರ ವ್ಯಾಪಾರಕ್ಕೆ ಸಾಕ್ಷಿಯಾಗಿಸುತ್ತದೆ. ಆ ಸಾಕ್ಷ್ಯ ಗುಂಪಿನದು, ಬಿಡಿ ನಾಣ್ಯದ್ದಲ್ಲ.

ಅಟ್ಟದಿಂದಿಳಿದ ಪೆಟ್ಟಿಗೆಯ ವಿಚಾರದಲ್ಲಿ ನನಗೆ ಇರುವ ತಕರಾರೂ ಇದೇ ಬಗೆಯದು. ಒಬ್ಬ ಸುಂಕದ ಗುಮಾಸ್ತ ಯಾವ ಬಂದರಿನಲ್ಲಿ, ಯಾವ ವರ್ಷ, ಯಾವ ನಾಣ್ಯಗಳನ್ನು ಒಟ್ಟಿಗೆ ಕಂಡ ಎಂಬುದು ಅವನ ಲಕೋಟೆಗಳ ಮೇಲಿನ ಟಿಪ್ಪಣಿಯಲ್ಲಿರುತ್ತದೆ. 1900ರ ಸುಮಾರಿಗೆ ಒಂದು ಬಂದರಿನ ಪೇಟೆಯಲ್ಲಿ ಎಂಟುನೂರು ವರ್ಷ ಹಳೆಯ ಸೊಂಗ್ ನಾಣ್ಯ ಇನ್ನೂ ತರಕಾರಿಯ ಚಿಲ್ಲರೆಯಾಗಿ ಓಡಾಡುತ್ತಿತ್ತು ಎಂಬಂಥ ಮಾಹಿತಿ ಬೇರೆಲ್ಲೂ ಸಿಗುವುದಿಲ್ಲ. ಆಲ್ಬಮ್ಮು ಗೆದ್ದವನಿಗೆ ಬೇಕಾದದ್ದು ಒಂದೋ ಎರಡೋ ನಾಣ್ಯ. ಅವು ಗ್ರೇಡಿಂಗ್ ಕಂಪನಿಗೆ ಹೋಗಿ ಪ್ಲಾಸ್ಟಿಕ್ಕಿನ ಡಬ್ಬಿಯೊಳಗೆ ಸಂಖ್ಯೆ ಹೊತ್ತು ಕೂರುತ್ತವೆ. ಕಾನ್, ಗುಡ್‌ಮನ್‌ರಂಥ ಹೆಸರಾಂತ ಸಂಗ್ರಹದ ಡಾಲರಾದರೆ ಚೀಟಿಯ ಮೇಲೆ ಆ ಹೆಸರನ್ನಾದರೂ ಅಚ್ಚು ಮಾಡುತ್ತಾರೆ, ಏಕೆಂದರೆ ಅದರಿಂದ ಬೆಲೆ ಹೆಚ್ಚುತ್ತದೆ. ಹೆಸರಿಲ್ಲದ ಗುಮಾಸ್ತನ ಲಕೋಟೆ ಕಸದಬುಟ್ಟಿಗೆ ಹೋಗುತ್ತದೆ. ಉಳಿದ ಇನ್ನೂರ ತೊಂಬತ್ತೆಂಟು ನಾಣ್ಯಗಳು ಕೆಲವು ತಿಂಗಳ ನಂತರ ಬೇರೊಂದು ಊರಿನ ಹರಾಜಿನಲ್ಲಿ, ಹಳೆಯ ಚೀನೀ ನಾಣ್ಯಗಳ ಸಂಗ್ರಹ ಎಂಬ ಅದೇ ಸಾಲಿನೊಂದಿಗೆ ಮತ್ತೆ ಕಾಣಿಸಿಕೊಳ್ಳುತ್ತವೆ. ಕಳೆದ ಸಲದ ಸುದ್ದಿ ಓದಿ ಬಂದ ಹೊಸಬರು ಅದಕ್ಕೂ ಒಳ್ಳೆಯ ಬೆಲೆಯನ್ನೇ ಕೂಗುತ್ತಾರೆ.